ಅಳಿಯ ನಿಂತಿದ್ದ ಕಡೆಯ ಕತ್ತಲೆ

ನಕಿಮೇರಾ,

ನೀನು ನನ್ನೊಡನೆ ಮಾತು ಬಿಟ್ಟಿದ್ದೀಯೆಂದು ಇದನ್ನು ಬರೆದಿಟ್ಟು ಕಂಪಾಲದ ಆಸ್ಪತ್ರೆಗೆ ಹೊರಟೆ. ಬಾಳೆಕಾಯಿ ಎಲೆಯಲ್ಲಿ ಸುತ್ತಿ ಒಲೆಯ ಮೇಲಿಟ್ಟಿದ್ದೇನೆ, ಸೀಯಿಸಬೇಡ.

“ಅಳಿಯನ ಮೈಮೇಲೇ ಬೀಳೋದಾ ಅಮ್ಮಾ, ನಾಚಿಕೆ ಬೇಡ್ವಾ?” ಅಂದೆಯಲ್ಲ, ನಿನ್ನ ಗಂಡ ಸೆಮಂಡ ನಿಂತಿದ್ದ ಎಡಗಡೆ ನನಗೆ ಬರೀ ಕತ್ತಲೆ. ಕಣ್ಣು ನೆಟ್ಟಗಿದೆಯಂತೆ. ಮಿದುಳಿನ ರಕ್ತನಾಳ ಗುಳ್ಳೆಯಂತೆ ಉಬ್ಬಿ ಕಣ್ಣಿನ ನರವನ್ನು ಒತ್ತುತ್ತಿದೆಯಂತೆ. ಅದು ಒಡೆದರೆ ನಾನಿಲ್ಲ. ನಾಳೆ ತಲೆ ಕುಯ್ಯುತ್ತಾರೆ.

ಅತ್ತೆ ಸೋಕಿದರೆ ಕೈ ನಡುಗುವ ರೋಗ ಬರುತ್ತದೆಂದು ಹೆದರಿ ಸೆಮಂಡ ಇತ್ತ ತಲೆಹಾಕಿಲ್ಲ. ಬೇಕೆಂದು ಸೋಕಿದ್ದಲ್ಲವೆಂದು ಅವನಿಗೆ ಹೇಳು.

ಬದುಕಿದರೂ ನೋಟ ಮರಳುತ್ತದೆಂದು ಡಾಕ್ಟರು ಹೇಳಲಿಲ್ಲ. ಕುರುಡಿಯಾಗಿ ಬಂದರೆ, ಅತ್ತೆ ಅಳಿಯ ಮುಖ ನೋಡಬಾರದೆಂದು ಅವನು ನನ್ನ ಕಣ್ಣು ತಪ್ಪಿಸಿ ಬಾಳೆತೋಟದಲ್ಲಿ ಅವಿತುಕೊಳ್ಳುವುದು ಬೇಡ, ಒಳಗೆ ಬಂದು ಉಣ್ಣಲಿ. ಬರುವಾಗ ಕೆಮ್ಮಲಿ, ನಾನೇ ಗೋಡೆ ಕಡೆ ತಿರುಗಿ ಕೂರುತ್ತೇನೆ.

ಅಮ್ಮ