ಪಟ್ಟಿಯ ಎರಡನೇ ಪುಟ

ದೊಡ್ಡಬಳ್ಳಾಪುರ
21-8-2025, ಗುರುವಾರ

ನಮ್ಮ ಯಶಸ್ವಿನಿಗೆ, ಅಪ್ಪನ ಪ್ರೀತಿಯ ಆಶೀರ್ವಾದಗಳು.

ಹೇಗಿದ್ದೀಯಮ್ಮ? ತುಮಕೂರಿನ ನೀರು ಒಗ್ಗಿತೇ? ಬಿಸಿಲಿಗೆ ಬರುವ ತಲೆನೋವು ಕಡಿಮೆಯಾಯಿತೇ? ನಿನ್ನ ಸೋದರತ್ತೆ ಮುತ್ತಮ್ಮ ಬಲವಂತ ಮಾಡಿ ಬಡಿಸುವವಳು, ಊಟದ ವಿಷಯದಲ್ಲಿ ನನಗೆ ಚಿಂತೆಯಿಲ್ಲ. ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನನ್ನ ಸಕ್ಕರೆ ಹತೋಟಿಯಲ್ಲಿದೆ, ನಿಮ್ಮಮ್ಮನ ಬೈಗುಳ ಮಾತ್ರ ಹತೋಟಿಯಲ್ಲಿಲ್ಲ. ನೀನು ದಿನವೂ ಅವಳಿಗೆ ಫೋನ್ ಮಾಡುತ್ತೀಯ, ಅವಳು ನನ್ನ ಕೈಗೆ ಕೊಟ್ಟ ಕೂಡಲೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಎರಡು ತಿಂಗಳಾಯಿತು. ಬಾಶೆಟ್ಟಿಹಳ್ಳಿಯ ಕಾರ್ಖಾನೆ ಬಸ್ಸು ದೊಡ್ಡಬೆಳವಂಗಲದಲ್ಲಿ ನಿಲ್ಲದೆ ಹೋಗಿ, ಬೆಳಗಿನ ಪಾಳಿಯ ಹದಿನೆಂಟು ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ರಸ್ತೆಯಲ್ಲೇ ನಿಂತರು. ನಿಮ್ಮ ಆಫೀಸು ಮಾಡಿಕೊಟ್ಟ ಬಸ್ಸಿನ ಪಟ್ಟಿಯಿಂದ ಆ ನಿಲ್ದಾಣವೇ ಬಿಟ್ಟುಹೋಗಿತ್ತು. ಯಾರು ತೆಗೆದರು ಎಂದು ನಿಮ್ಮ ಯಜಮಾನಿ ಪ್ರಮೋದಾ ಎಐ ಏಜೆಂಟನ್ನು, ಅದೇ ಕೇಳಿದ್ದಕ್ಕೆ ತಾನೇ ದಾಖಲೆ ಹುಡುಕಿ ಉತ್ತರ ಹೇಳುವ ಆಫೀಸಿನ ಕಂಪ್ಯೂಟರ್ ಸಹಾಯಕನನ್ನು, ಕೇಳಿದಳು. ಅದು ನಿನ್ನ ಹೆಸರು ಹೇಳಿತು. ನೀನು ಅಳುತ್ತಾ ಮನೆಗೆ ಬಂದು "ಅಪ್ಪಾ, ನಾನ್ ತೆಗ್ದಿಲ್ಲ" ಎಂದೆ. ನಾನು "ಮೆಷಿನ್ನಿಗೇನಮ್ಮ ನಿನ್ ಮೇಲೆ ದ್ವೇಷ? ತಪ್ಪಾಗಿದ್ರೆ ಒಪ್ಕೊಂಡ್ಬಿಡು" ಎಂದೆ. ಮರುದಿನವೇ ನೀನು ಕೆಲಸವನ್ನೂ ನನ್ನನ್ನೂ ಬಿಟ್ಟು ತುಮಕೂರಿನ ಬಸ್ಸು ಹತ್ತಿದೆ.

ಕಳೆದ ತಿಂಗಳು ನಿನ್ನ ಲ್ಯಾಪ್‌ಟಾಪ್ ಹಿಂದಿರುಗಿಸಲು ಆಫೀಸಿಗೆ ಹೋಗಿದ್ದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತೊಂದು ವರ್ಷ ಧೂಳು ಕುಡಿದವನು ಸುಮ್ಮನೆ ಬರುತ್ತೇನೆಯೇ? ಏಜೆಂಟು ನೋಡಿದ್ದೇನು, ತೋರಿಸಿ ಎಂದೆ. ನಿನ್ನ ಪಕ್ಕದ ಮೇಜಿನ ಮುರಳಿ ತೋರಿಸಿದ. ನೀವು ಮಾಡುವ ಒಂದೊಂದು ಬದಲಾವಣೆಯೂ ಹೆಸರು, ತಾರೀಖು, ಒಂದು ಸಾಲಿನ ಕಾರಣದ ಸಮೇತ ಉಳಿದಿರುತ್ತದಂತೆ, ಅದಕ್ಕೆ ಕಮಿಟ್ ಎನ್ನುತ್ತಾರಂತೆ. ಏಜೆಂಟು ಕೇಳಿದಾಗ ಅವುಗಳ ಪಟ್ಟಿ ತೆಗೆದುಕೊಡುವ ಸಲಕರಣೆಯೊಂದು ಇದೆಯಂತೆ. ನಿನಗೇ ಪಾಠ ಹೇಳುತ್ತಿದ್ದೇನೆ, ನಗು, ಪರವಾಗಿಲ್ಲ. ಅವತ್ತು ಏಜೆಂಟಿಗೆ ಬಂದಿದ್ದ ಪಟ್ಟಿಯ ಸಾಲುಗಳನ್ನು ಎಣಿಸಿದೆ. ಸರಿಯಾಗಿ ಮೂವತ್ತು. ಅಲ್ಲೇ ನನಗೆ ಅನುಮಾನ ಬಂತು, ಮನುಷ್ಯರು ಮಾಡಿದ ಕೆಲಸ ಅಷ್ಟು ಸರಿಯಾಗಿ ಮೂವತ್ತಕ್ಕೆ ಮುಗಿಯುವುದಿಲ್ಲ. ನಮ್ಮಲ್ಲಿ ಕಡತ ಕೈ ಬದಲಾಯಿಸುವಾಗ ಒಟ್ಟು ಇಷ್ಟು ಪುಟ ಎಂದು ಮೇಲೆ ಬರೆದು ಸಹಿ ಹಾಕದೆ ಯಾರಿಗೂ ಕೊಡುತ್ತಿರಲಿಲ್ಲ. ಇದು ಒಟ್ಟು ಎಷ್ಟು ಪುಟ ಎಂದು ಕೇಳಿದೆ. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮುರಳಿ ಹುಡುಕಿ ನೋಡಿದಾಗ ತಿಳಿಯಿತು, ಆ ಸಲಕರಣೆ ಒಂದು ಸಲಕ್ಕೆ ಮೂವತ್ತನ್ನೇ ಕೊಡುವುದು, ಹೊಸದು ಮೊದಲು. ಹಳೆಯದು ಬೇಕಾದರೆ ಎರಡನೇ ಪುಟ ಕೊಡು ಎಂದು ಕೇಳಬೇಕು. ಹಾಗೆ ಕೇಳಬೇಕೆಂದು ಅದನ್ನು ಬಳಸುವ ಬಗೆಯ ವಿವರಣೆಯಲ್ಲಿ ಯಾರೂ ಬರೆದಿರಲಿಲ್ಲ, ಏಜೆಂಟು ಓದುವುದು ಆ ವಿವರಣೆಯನ್ನು ಮಾತ್ರ. ಮೊದಲ ಪುಟದಲ್ಲಿ ಬಸ್ಸಿನ ಪಟ್ಟಿಯನ್ನು ಮುಟ್ಟಿದವಳು ನೀನೊಬ್ಬಳೇ. ನಿನ್ನ ಹೆಸರು ಹೇಳಿ ಅದು ಕೈತೊಳೆದುಕೊಂಡಿತ್ತು. ಮೇ ತಿಂಗಳಲ್ಲಿ ನೀನು ಊರುಗಳನ್ನು ಅಕ್ಷರಕ್ರಮಕ್ಕೆ ಜೋಡಿಸಿದ್ದೆ, ಅಷ್ಟೇ. ಎರಡನೇ ಪುಟ ತರಿಸಿದೆ. ಜನವರಿಯಲ್ಲಿ ರಸ್ತೆ ಕೆಲಸ ನಡೆದು ಬಸ್ಸು ಬೇರೆ ದಾರಿ ಹಿಡಿದಾಗ ಮುರಳಿ ದೊಡ್ಡಬೆಳವಂಗಲವನ್ನು ತೆಗೆದಿದ್ದ, ನಾಲ್ಕನೇ ಸಾಲಿನಲ್ಲಿತ್ತು. ಪಾಪ, ಮುಖ ಸಣ್ಣಗೆ ಮಾಡಿಕೊಂಡು "ನಾನೇ ಅಂಕಲ್. ಜೂನಲ್ಲಿ ರಸ್ತೆ ಕೆಲ್ಸ ಮುಗ್ದು ಬಸ್ಸು ಹಳೇ ದಾರಿಗೆ ಬಂದಾಗ ವಾಪಸ್ ಹಾಕ್ಬೇಕಿತ್ತು, ಮರ್ತೇಬಿಟ್ಟೆ" ಎಂದ. ಎಲ್ಲರೆದುರು ಒಪ್ಪಿಕೊಂಡ, ಅವನ ಮೇಲೆ ಕೋಪ ಬೇಡ.

ಈಗ ಕೇಳು, ನಿನ್ನಪ್ಪನಿಗೆ ಹೊಸ ಕೆಲಸ ಸಿಕ್ಕಿದೆ. ಆ ವಿವರಣೆಯನ್ನು ನೀವೇ ಬರೆದುಕೊಡಿ, ಏಜೆಂಟಿಗೆ ಕನ್ನಡ ಬರುತ್ತದೆ ಎಂದಳು ಪ್ರಮೋದಾ. ಮೂರು ವಾರ ಕೂತು ಬರೆದೆ. ಮೊದಲ ಸಲ "ಅಗತ್ಯವಿದ್ದಲ್ಲಿ ಮುಂದಿನ ಪುಟವನ್ನು ಪರಿಶೀಲಿಸಬಹುದಾಗಿದೆ" ಎಂದು ಕಚೇರಿ ಭಾಷೆಯಲ್ಲಿ ಬರೆದರೆ, ಏಜೆಂಟು ನಮ್ಮ ಹಳೇ ಗುಮಾಸ್ತರ ಹಾಗೆ ಅಗತ್ಯವಿಲ್ಲವೆಂದು ತೀರ್ಮಾನಿಸಿಬಿಟ್ಟಿತು. ಹೊಡೆದುಹಾಕಿ ಹೀಗೆ ಬರೆದೆ: "ಮೂವತ್ತು ಸಾಲು ಬಂದರೆ ಇನ್ನೂ ಇದೆ ಎಂದು ತಿಳಿ. ಖಾಲಿ ಪುಟ ಬರುವವರೆಗೂ ಕೇಳುತ್ತಲೇ ಇರು. ಬದಲಾವಣೆಯನ್ನು ತೆರೆದು ಓದದೆ ಯಾರ ಹೆಸರನ್ನೂ ಹೇಳಬೇಡ." ನಿನ್ನೆ ಅದೇ ಹಳೇ ಪ್ರಶ್ನೆಯನ್ನು ಮತ್ತೆ ಕೇಳಿಸಿದೆವು, ಸರಿಯಾದ ಉತ್ತರ ಕೊಟ್ಟಿತು. ನಾನಂತೂ ಬೀಗುತ್ತಿದ್ದೇನೆ, ಮುಚ್ಚಿಡುವುದೇಕೆ.

ಪ್ರಮೋದಾ ಸೋಮವಾರ ಬೆಳಿಗ್ಗೆ ಫೋನ್ ಮಾಡಿ ತಾನೇ ತಪ್ಪೊಪ್ಪಿಕೊಳ್ಳುತ್ತಾಳಂತೆ. ಕೆಲಸಕ್ಕೆ ಮರಳುವುದು ಬಿಡುವುದು ನಿನ್ನಿಷ್ಟ. ಪಟ್ಟಿಯ ಎರಡೂ ಪುಟಗಳನ್ನು ಮುದ್ರಿಸಿ ಇದರೊಂದಿಗೆ ಇಟ್ಟಿದ್ದೇನೆ, ನೋಡು. ಮುತ್ತಮ್ಮಕ್ಕನಿಗೆ ನನ್ನ ನಮಸ್ಕಾರ ತಿಳಿಸು, ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು. ನಿನಗೆ ಒಳ್ಳೆಯದಾಗಲಿ, ತಲೆಯೆತ್ತಿ ಓಡಾಡು.

ನಿನ್ನ ಅಪ್ಪ,
ಆದಿನಾರಾಯಣಪ್ಪ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವ ಮೊದಲು ನಿಮ್ಮಮ್ಮ ಇದನ್ನು ಓದಿ, "ಇದೇನ್ರೀ, ಮಗ್ಳಿಗೆ ಕಾಗ್ದ ಬರ್ದಿದ್ದೀರೋ, ಸಾಹೇಬ್ರಿಗೆ ವರದಿ ಬರ್ದಿದ್ದೀರೋ?" ಎಂದು ಮೇಜಿನ ಮೇಲೆ ಎಸೆದು ಒಳಗೆ ಹೋದಳು. ಅವಳು ಹೇಳಿದ್ದು ನಿಜ. ಸಾಕ್ಷಿ ಸಿಕ್ಕಿದ್ದಕ್ಕೆ ನಿನ್ನನ್ನು ನಂಬಿದೆ ಎನ್ನುವ ಹಾಗೆ ಬರೆದಿದ್ದೇನೆ. ಮುದ್ರಿಸಿದ ಪುಟಗಳನ್ನು ಲಕೋಟೆಯಿಂದ ತೆಗೆದಿದ್ದೇನೆ, ಅವು ನಿನಗೆ ಬೇಕಿಲ್ಲ. ನಾನು ತೆಗೆದಿಲ್ಲ ಎಂದು ನೀನು ಹೇಳಿದ್ದೆ, ಅವತ್ತು ನನಗೆ ಅಷ್ಟೇ ಸಾಕಾಗಬೇಕಿತ್ತು. ಆ ಪಟ್ಟಿಗೆ ಎರಡನೇ ಪುಟವೇ ಇಲ್ಲದಿದ್ದರೂ ನಾನು ನಿನ್ನ ಪಕ್ಕ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕ್ಷಮಿಸು ಮಗಳೇ.