ಮೊದಲು ಸೋನಾಬಾಯಿ, ಆಮೇಲೆ ವಿರುಪಾಕ್ಷಪ್ಪ

ಮಾನ್ಯ ಕುಲಪತಿಗಳೇ,

ನಿಮ್ಮ ವಿಶ್ವವಿದ್ಯಾಲಯದ ಕೃಷಿ ಕಟ್ಟಡಕ್ಕೆ ನನ್ನ ಅತ್ತೆ-ಮಾವನ ಹೆಸರಿಟ್ಟಿದ್ದೀರಿ. ಆ ಹೆಸರಿನ ದೆಸೆಯಿಂದಲೇ ನನ್ನ ಅತ್ತೆಗೆ ಅದರೊಳಗೆ ಕಾಲಿಡಲು ಆಗುತ್ತಿಲ್ಲ. ಇದೇ ನನ್ನ ತಕರಾರು.

ಕಟ್ಟಡ ನಿಂತಿರುವ ನಾಲ್ಕು ಎಕರೆ ಇವರಿಬ್ಬರೂ ದಾನ ಕೊಟ್ಟದ್ದು. ಎರಡು ಮಾವನವು, ಎರಡು ಅತ್ತೆಗೆ ತವರಿನವರು ಕೊಟ್ಟವು. ಮಾವ ಶಿವನ ಪಾದ ಸೇರಿದ ಮೇಲೆ ‘ವಿರುಪಾಕ್ಷಪ್ಪ ಮತ್ತು ಸೋನಾಬಾಯಿ ಕೃಷಿ ಭವನ’ ಎಂದು ಹಿತ್ತಾಳೆ ಅಕ್ಷರ ಕೂಡಿಸಿದಿರಿ. ಬಹಳ ಸಂತೋಷ. ಆದರೆ ಅಷ್ಟುದ್ದ ಹೆಸರು ಹೇಳುವ ಪುರಸೊತ್ತು ಯಾರಿಗಿದೆ? ಪ್ರೊಫೆಸರರಿಂದ ಹಿಡಿದು ರಿಕ್ಷಾದವರವರೆಗೆ ಎಲ್ಲರ ಬಾಯಲ್ಲೂ ಅದು ‘ವಿರುಪಾಕ್ಷಪ್ಪ ಭವನ’. ನಮ್ಮ ಮನೆಯ ಹೆಂಗಸರು ಮಾತ್ರ ಹಾಗೆನ್ನುವಂತಿಲ್ಲ. ಗಂಡನ ಹೆಸರು, ಅತ್ತೆ-ಮಾವನ ಹೆಸರು ನಾವು ಬಾಯಿಂದ ಆಡುವುದಿಲ್ಲ. ಬರೆಯಲು ಅಡ್ಡಿಯಿಲ್ಲ, ಅದಕ್ಕೇ ಈ ಪತ್ರ. ಎಪ್ಪತ್ತೆಂಟರ ಅತ್ತೆಗೆ ಬರೆಯಲು ಬಾರದು.

ಕಳೆದ ಸೋಮವಾರ ನಾನು ಯಡೂರಿಗೆ ವೀರಭದ್ರನ ದರ್ಶನಕ್ಕೆ ಹೋಗಿದ್ದೆ. ದ್ರಾಕ್ಷಿ ತೋಟದ ಮಣ್ಣು ಪರೀಕ್ಷೆ ಮಾಡಿಸಲು ಅತ್ತೆ ಒಬ್ಬರೇ ಚೀಲ ಹಿಡಿದು ನಿಮ್ಮಲ್ಲಿಗೆ ಬಂದರು. ಗೇಟಿನ ಹೊಸ ವಾಚ್‌ಮನ್ ಭೀಮಸಿ ರಿಜಿಸ್ಟರ್ ತೆರೆದ.

“ಯಾವ ಬಿಲ್ಡಿಂಗ್‌ರಿ ಆಯಿ?”

“ನಮ್ಮ ಮನಿಯವರದು.”

“ಇಲ್ಲಿ ಯಾರ ಮನಿಯವರದೂ ಇಲ್ರಿ, ಎಲ್ಲಾ ಸರಕಾರದ್ದ ಐತಿ. ಹೆಸರ ಹೇಳ್ರಿ.”

“ಸೋನಾಬಾಯಿ ಅಂತ ಬರ್ಕೊಪಾ.”

“ಅದು ನಿಮ್ಮ ಹೆಸರಾತು, ಬರ್ಕೊಂಡೆ. ಬಿಲ್ಡಿಂಗಿನ ಹೆಸರ?”

“ಅದಕ್ಕೂ ಅದ ಹೆಸರ.”

“ಚ್ಯಾಷ್ಟಿ ಸಾಕ್ರಿ ಆಯಿ!”

ಪಾಪ, ಒಳ್ಳೆಯ ಹುಡುಗ. ಮಣ್ಣು ಪರೀಕ್ಷೆ ಎಂದು ಅತ್ತೆ ಹೇಳುವ ಮೊದಲೇ ಚೀಲ ನೋಡಿ ಹಿಂಡಿ ಎಂದುಕೊಂಡು ದನದ ದವಾಖಾನೆಗೆ ಕಳಿಸಿದ. ಅಲ್ಲಿಯ ಡಾಕ್ಟರ್ ಮಣ್ಣು ಮುಟ್ಟಿ ನೋಡಿ, “ಎಮ್ಮಿ ಎಲ್ಲೈತ್ರಿ?” ಎಂದರಂತೆ. ಅತ್ತೆ ಮಣ್ಣು ಹೊತ್ತು ವಾಪಸು ಬಂದರು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ.

“ನನ್ನ ತವರಿನ ಹೊಲದಾಗ ನಾನ ಹಾದಿ ಕೇಳಬೇಕಾತು. ಅವರ ಹೆಸರ ನಾ ಅನ್ನಾಂಗಿಲ್ಲ, ನನ್ನ ಹೆಸರ ಅಲ್ಲಿ ಯಾರಿಗೂ ಗೊತ್ತಿಲ್ಲ,” ಎಂದು ಚೀಲ ಮೂಲೆಗಿಟ್ಟರು. ಬರುವ ತಿಂಗಳು ಬಳ್ಳಿ ಕತ್ತರಿಸುವ ಚಾಟ್ನಿ. ಮಣ್ಣಿನ ವರದಿ ಬೇಕೇ ಬೇಕು. ಬೇರೆ ಯಾರಾದರೂ ಒಯ್ಯುತ್ತೇವೆಂದರೆ ಕೊಡುತ್ತಿಲ್ಲ.

ಕಾಲ ಬದಲಾಗಿದೆ, ಹೆಸರು ಹೇಳಿಬಿಡಲಿ ಎನ್ನುತ್ತೀರೇನು? ಅರವತ್ತು ವರ್ಷ ದೇವರ ಮುಂದೆ ನಡೆಸಿದ ನೇಮವನ್ನು ಗೇಟಿನ ರಿಜಿಸ್ಟರಿಗಾಗಿ ಮುರಿಯಬೇಕೆ? ಅತ್ತೆಯ ನೇಮಕ್ಕೆ ಸ್ಕ್ರೂ ಇಲ್ಲ ಸ್ವಾಮಿ, ನಿಮ್ಮ ಹಿತ್ತಾಳೆ ಅಕ್ಷರಗಳಿಗೆ ಇದೆ. ಬಿಚ್ಚಿಸಿರಿ. ಸೋನಾಬಾಯಿ ಮೊದಲು, ವಿರುಪಾಕ್ಷಪ್ಪ ಆಮೇಲೆ. ಜನ ಹೇಗೂ ಮೊದಲಿನದನ್ನೇ ಹಿಡಿಯುತ್ತಾರೆ. ತಮ್ಮ ಹೆಸರು ಆಡಲು ಅತ್ತೆ ನನಗೂ ಅಪ್ಪಣೆ ಕೊಟ್ಟಿದ್ದಾರೆ. ಮಾವ ಬೇಸರಪಡುವವರಲ್ಲ. ತಾಟಿನ ಮುಂದೆ ಕೂತರೆ “ಆಕಿ ಉಂಡಾಳನು?” ಎಂದು ಕೇಳದೆ ತುತ್ತು ಎತ್ತಿದವರಲ್ಲ.

ಬರುವ ಸೋಮವಾರ ಅತ್ತೆ ಮತ್ತೆ ಗೇಟಿಗೆ ಬರುತ್ತಾರೆ. ಯಾವ ಬಿಲ್ಡಿಂಗ್ ಎಂದರೆ ತಮ್ಮ ಹೆಸರು ಹೇಳುತ್ತಾರೆ. ಒಳಗೆ ಬಿಡಿಸಿರಿ.

ಇಂತಿ,
ಏಳನೇ ಇಯತ್ತೆ ಓದಿ ಕುಲಪತಿಗಳಿಗೆ ಬುದ್ಧಿ ಹೇಳುವ ಪ್ರಸಂಗ ಬಂದ
ರಾಜೇಶ್ವರಿ, ಐಗಳಿ