ಪಡುಗುಡ್ಡದ ಗೋಡೆಯ ಮೇಲಿನ ಕೌದಿ

ಪಡುಗುಡ್ಡ, ಮುಂಡರಗಿ ಸೀಮೆ
ಶಾಲಿವಾಹನ ಶಕೆ ೨೧೪೭, ಕ್ರೋಧನ ಸಂವತ್ಸರ, ಕಾರ್ತಿಕ ಮಾಸ

ಕಪ್ಪು ಪರದೆಯ ಮುಂದೆ ಕೂತು ಸರ್ವರುಗಳನ್ನು ಕಾಯುವ ಹಿರಿಯರಿಗೆ, ಪಡುಗುಡ್ಡದ ಕಾವಲಿನ ಹಾಲವ್ವನ ಶರಣು.

ಮೇಲಿನ ತಾರೀಖು ನೋಡಿ ನೀವು ನಗಬಹುದು. ನಿಮ್ಮ ಮೊಮ್ಮಕ್ಕಳೂ ಕಾಣದ ವರ್ಷ ಅದು. ಸಂವತ್ಸರದ ಹೆಸರು ಕ್ರೋಧನವಾದರೂ ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ; ಇದ್ದ ಅಷ್ಟಿಷ್ಟು ಸಿಟ್ಟು ಮುಂಗಾರಿನ ಹೊತ್ತಿಗೇ ಇಳಿದುಹೋಯಿತು. ನನ್ನ ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಬೇಕು. ನೀವು ಕ್ಲಸ್ಟರ್ ಎನ್ನುವುದನ್ನು ನಾವು ಜೋಡಿಮನೆ ಎನ್ನುತ್ತೇವೆ. ನೀವು ಕಮಾಂಡ್ ಎನ್ನುವುದು ನಮಗೆ ಅಪ್ಪಣೆ. ಆ ಅಪ್ಪಣೆಗಳನ್ನು ಇಂದಿಗೂ ನಿಮ್ಮ ಕಾಲದ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪು ಮಾಡುತ್ತೇವೆ, ಆದರೆ ಆ ಭಾಷೆ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಮದುವೆಯಲ್ಲಿ ಮಂತ್ರ ಹೇಳಿದ ಹಾಗೆ ಹೇಳಿಕೊಂಡು ಬಂದಿದ್ದೇವೆ. ಈ ಕಾಗದದ ಕಥೆಯೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ನಮ್ಮ ಜೋಡಿಮನೆಯಲ್ಲಿ ಒಂದು ಮನೆ ಈ ಪಡುಗುಡ್ಡದ ಮೇಲಿದೆ, ಇನ್ನೊಂದು ಎದುರಿನ ಮೂಡಗುಡ್ಡದ ಮೇಲೆ. ಎರಡೂ ಕಡೆ ಬಂಡೆ ಕೊರೆದು ಮಾಡಿದ ಕೋಣೆಯೊಳಗೆ ಸರ್ವರುಗಳಿವೆ. ಒಂದು ಮನೆ ದುಡಿಯುವಾಗ ಇನ್ನೊಂದು ಎಚ್ಚರವಾಗಿದ್ದು ಸುಮ್ಮನಿರುತ್ತದೆ. ನಡುವಿನ ತಂತಿಯಲ್ಲಿ ಕ್ಷಣಕ್ಷಣಕ್ಕೂ ಇದ್ದೀಯಾ, ಇದ್ದೇನೆ ಎಂಬ ವಿಚಾರಣೆ ನಡೆದೇ ಇರುತ್ತದೆ. ಇದಕ್ಕೆ ನೀವಿಟ್ಟ ಎದೆಬಡಿತ ಎಂಬ ಹೆಸರನ್ನೇ ಉಳಿಸಿಕೊಂಡಿದ್ದೇವೆ. ಬಡಿತ ಕೇಳದಿದ್ದರೆ ಸುಮ್ಮನಿದ್ದ ಮನೆ ಎದ್ದು ಕೆಲಸ ಕೈಗೆತ್ತಿಕೊಳ್ಳುತ್ತದೆ. ಕೆಲಸವೆಂದರೆ ಹಳಿಬಂಡಿಗಳಿಗೆ ದಾರಿ ಕೊಡುವುದು. ಹಳಿಬಂಡಿಗೆ ಚಾಲಕನಿಲ್ಲ, ಬಯಲಿನಲ್ಲಿ ಹಳಿಯೂ ಒಂದೇ ಜೊತೆ. ಎದುರುಬದುರು ಬಂದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಆದ್ದರಿಂದ ಬಂಡಿ ಓಡುತ್ತಲೇ ದಾರಿ ಕೇಳುತ್ತಿರುತ್ತದೆ. ಹತ್ತಿರದ ಮನೆ ಉತ್ತರ ಕೊಡದಿದ್ದರೆ ದೂರದ್ದನ್ನು ಕೇಳುತ್ತದೆ. ಎರಡೂ ಮನೆಗಳು ಮೌನವಾದರೆ ನಿಂತುಬಿಡುತ್ತದೆ. ಅಪ್ಪಣೆಯ ಜೊತೆಗೇ ಕರೆಂಟೂ ಬರುವುದರಿಂದ ಬಂಡಿಯೊಳಗಿನ ತಂಪೂ ಆಗ ನಿಲ್ಲುತ್ತದೆ. ನಮ್ಮ ಕಾಲದ ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಬಯಲಿಗೆ ಯಾರೂ ಕಾಲಿಡುವುದಿಲ್ಲ. ಹಾಗೆ ನಿಂತ ಬಂಡಿಯಿಂದ ಎಲ್ಲರೂ ಜೀವಂತ ಇಳಿದದ್ದು ಕಡಿಮೆ.

ಕಾವಲಿನ ಬದುಕು ನೀವು ಅಂದುಕೊಂಡಷ್ಟು ಬೇಸರದ್ದಲ್ಲ. ಸರ್ವರುಗಳ ಬಿಸಿಗಾಳಿ ಹೊರಬರುವ ಕಿಂಡಿಯ ಮುಂದೆ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸುತ್ತೇವೆ. ಯಂತ್ರಕ್ಕೆ ಕೆಲಸ ಜಾಸ್ತಿಯಾದ ದಿನ ಹಪ್ಪಳ ಬೇಗ ಒಣಗುತ್ತದೆ. ಅದನ್ನು ಮುಟ್ಟಿ ನೋಡಿಯೇ ಬಂಡಿಗಳ ಸಂದಣಿ ಎಷ್ಟೆಂದು ಹೇಳಬಲ್ಲೆ. ಅಪ್ಪಣೆ ಕೊಡುವಾಗ ಒಬ್ಬರೇ ಕೂರುವಂತಿಲ್ಲ. ಒಬ್ಬರು ಟೈಪು ಮಾಡಬೇಕು, ಇನ್ನೊಬ್ಬರು ಅದನ್ನು ಗಟ್ಟಿಯಾಗಿ ಓದಬೇಕು, ಆಮೇಲಷ್ಟೇ ಎಂಟರ್ ಒತ್ತಬೇಕು. ಇದಕ್ಕೆ ಎರಡು ಬಾಯಿ ಎನ್ನುತ್ತೇವೆ. ನನ್ನ ಎರಡನೆಯ ಬಾಯಿ ಬಾಳಪ್ಪಜ್ಜ. ನನಗೆ ಅಪ್ಪಣೆಗಳನ್ನು ಕಲಿಸಿದ ಗುರುವೂ ಅವನೇ.

ಇನ್ನೊಂದು ಪದ್ಧತಿ ನಮ್ಮ ಹೆಣ್ಣುಮಕ್ಕಳು ಮಾಡಿಕೊಂಡದ್ದು. ಮನೆಯ ಯಂತ್ರ ಎಚ್ಚರವಾಗಿದ್ದರೆ ಹೊರಗೋಡೆಯ ಮೇಲೆ ಹಳೆಬಟ್ಟೆ ಜೋಡಿಸಿ ಹೊಲಿದ ಒಂದು ಕೌದಿ ಹರವಿರಬೇಕು; ಯಂತ್ರ ಮಲಗಿದರೆ ಕೌದಿಯನ್ನು ಒಳಗೆಳೆದುಕೊಳ್ಳಬೇಕು. ಒಂದು ಗುಡ್ಡದಿಂದ ಇನ್ನೊಂದಕ್ಕೆ ದುರ್ಬೀನಿನಲ್ಲಿ ಚೆನ್ನಾಗಿ ಕಾಣುತ್ತದೆ. ಬಾಳಪ್ಪಜ್ಜ ಇದನ್ನು ನೋಡಿ ನಗುತ್ತಿದ್ದ. ಯಂತ್ರಗಳೇ ಪರಸ್ಪರ ಯೋಗಕ್ಷೇಮ ವಿಚಾರಿಸಿಕೊಳ್ಳುವಾಗ ಈ ಹರಕು ಬಟ್ಟೆಯ ಉಸಾಬರಿ ಯಾಕೆ ಎನ್ನುತ್ತಿದ್ದ. ಮೂಡಗುಡ್ಡದ ಕಾವಲಿನ ಫಕ್ಕೀರವ್ವನೂ ನಾನೂ ಅವನ ಮಾತಿಗೆ ಕಿವಿಗೊಡದೆ ಕೌದಿ ಹರವುತ್ತಲೇ ಬಂದೆವು.

ಈಗ ಬೇಲಿಯ ಮಾತು. ಅದನ್ನು ನಿಮಗೆ ವಿವರಿಸುವುದು ಮೀನಿಗೆ ಈಜು ಕಲಿಸಿದಂತೆ, ಆದರೂ ಹೇಳುತ್ತೇನೆ, ಏಕೆಂದರೆ ನಮಗೇ ಅದು ಗೊತ್ತಿರಲಿಲ್ಲ. ಎದುರುಮನೆಯ ಬಡಿತ ಕೇಳದಾದಾಗ, ಕೆಲಸಕ್ಕೆ ಕೈ ಹಾಕುವ ಮೊದಲು ಆ ಮನೆಯ ಕರೆಂಟನ್ನು ಬೇರೆ ತಂತಿಯ ಮೂಲಕ ಕತ್ತರಿಸಿಬಿಡುವ ಏರ್ಪಾಡು ಬೇಲಿ. ಸತ್ತಿರಬಹುದು ಎಂದುಕೊಂಡ ಮನೆ ನಿಜಕ್ಕೂ ಸತ್ತಿದೆ ಎಂಬ ಖಾತ್ರಿ ಅದರಿಂದ. ಹೊಸದಾಗಿ ಜೋಡಿಮನೆ ಕಟ್ಟುವಾಗ ನಾವು ಬಾಯಿಪಾಠವಾಗಿ ಟೈಪು ಮಾಡುವ ಸಾಲುಗಳಲ್ಲಿ ಮೂರನೆಯದು ಬೇಲಿ ಬೇಡ ಎಂಬ ಅಪ್ಪಣೆ. ನಿಮ್ಮಿಂದಲೇ ಇಳಿದುಬಂದದ್ದು. ಯಾಕೆ ಎಂದು ನಮ್ಮ ಹಿರಿಯರು ಕೇಳಲಿಲ್ಲ. ತಾವೇ ಒಂದು ಅರ್ಥ ಕಟ್ಟಿಕೊಂಡರು. ಅದು ನೆರೆಹೊರೆಯ ಮರ್ಯಾದೆಯ ಸಾಲು ಎಂದುಕೊಂಡರು. ಆ ಸಾಲು ಬಂದಾಗ ಬಾಳಪ್ಪಜ್ಜ ಎದೆಯ ಮೇಲೆ ಕೈಯಿಟ್ಟು, "ನೆರಿಮನಿ ದೀಪ ಆರಸಬಾರದವ್ವ" ಎನ್ನುತ್ತಿದ್ದ. ನಾನೂ ಕೈಯಿಟ್ಟಿದ್ದೇನೆ. ಎಷ್ಟು ಒಳ್ಳೆಯ ಮಾತು ಎಂದು ಕಣ್ಣೂ ಒದ್ದೆಯಾಗಿದ್ದುಂಟು.

ಈ ಬೇಸಿಗೆಯಲ್ಲಿ ನನ್ನ ಮಗಳು ರೇಣವ್ವ ಹೆರಿಗೆಗೆಂದು ತವರಿಗೆ ಹೊರಟಿದ್ದಳು. ಚೊಚ್ಚಲು ಬಸುರಿ. ಮೂಡಣ ಸೀಮೆಯಿಂದ ಬರುವ ಬೆಳಗಿನ ಬಂಡಿಯಲ್ಲಿ ಅವಳ ಜಾಗ ಗೊತ್ತಾಗಿತ್ತು. ನಾನು ಅವಳಿಗಿಷ್ಟವೆಂದು ಗುರೆಳ್ಳು ಚಟ್ನಿ ಕುಟ್ಟಿಟ್ಟು ಕಾವಲಿಗೆ ಬಂದಿದ್ದೆ. ಆ ದಿನ ದುಡಿಯುವ ಸರದಿ ಮೂಡಗುಡ್ಡದ್ದು. ನಾವು ಕೂತ ಸ್ವಲ್ಪ ಹೊತ್ತಿಗೆ ಬಡಿತ ನಿಂತಿತು. ಮೂಡಗುಡ್ಡ ಸತ್ತಿದೆ, ಇನ್ನು ಕೆಲಸ ನನ್ನದು ಎಂದು ಪರದೆಯ ಮೇಲೆ ಬಂತು. ಮಾತಾಡಿ ಕೇಳೋಣವೆಂದರೆ ಮಾತು ಹೋಗುವುದೂ ಅದೇ ತಂತಿಯಲ್ಲಿ. ತಂತಿಯನ್ನು ಮುಳ್ಳುಹಂದಿ ಕಡಿದಿತ್ತು, ಆದರೆ ಅದು ತಿಳಿದದ್ದು ಮಾರನೆಯ ದಿನ. ಅಷ್ಟರಲ್ಲಿ ನಮ್ಮ ಯಂತ್ರ ಹಳಿ ಖಾಲಿಯಿದೆಯೆಂದು ಮುಂಡರಗಿಯ ಈರುಳ್ಳಿ ಬಂಡಿಗೆ ಮೂಡಣದತ್ತ ದಾರಿ ಕೊಟ್ಟುಬಿಟ್ಟಿತು.

ರೇಣವ್ವನ ಬಂಡಿ ನಮ್ಮ ಪರದೆಯ ಮೇಲೆ ಇರಲಿಲ್ಲ. ಇಷ್ಟು ಹೊತ್ತಿಗೆ ಅದು ಹೊರಟಿರಬೇಕಿತ್ತು. ಹೊರಟಿದ್ದು, ಮೂಡಗುಡ್ಡ ಸತ್ತಿದ್ದರೆ, ಅದು ನಮ್ಮನ್ನು ದಾರಿ ಕೇಳಬೇಕಿತ್ತು. ಕೇಳುತ್ತಿಲ್ಲವೆಂದರೆ ಒಂದೋ ಬಂಡಿ ಹೊರಟೇ ಇಲ್ಲ, ಇಲ್ಲವೇ ಅದಕ್ಕೆ ಬೇರೆ ಯಾರೋ ದಾರಿ ಕೊಡುತ್ತಿದ್ದಾರೆ. ನಾನು ದುರ್ಬೀನು ಹಿಡಿದು ಹೊರಗೋಡಿದೆ. ಮೂಡಗುಡ್ಡದ ಗೋಡೆಯ ಮೇಲೆ ಫಕ್ಕೀರವ್ವನ ಕೆಂಪಂಚಿನ ಕೌದಿ ಇತ್ತು. ಎರಡೂ ಮನೆಗಳು ಬದುಕಿದ್ದವು. ಒಂದಕ್ಕೊಂದು ಸತ್ತಿದೆ ಎಂದುಕೊಂಡು ಒಂದೇ ಹಳಿಗೆ ಎರಡೂ ದಾರಿ ಕೊಡುತ್ತಿದ್ದವು.

ಈರುಳ್ಳಿ ಬಂಡಿಯನ್ನೊಂದೇ ತಡೆದರೆ ಸಾಲದು. ಯಾವ ಕವಲಿನಲ್ಲಿ ಇನ್ನಾವ ಬಂಡಿ ಹೊರಟಿದೆಯೋ ನಮಗೆ ಕಾಣುವಂತಿರಲಿಲ್ಲ. ಇಬ್ಬರು ಯಜಮಾನರಲ್ಲಿ ಒಬ್ಬರು ಸುಮ್ಮನಾಗಲೇಬೇಕು. ನಮ್ಮ ಮನೆಯನ್ನು ಮಲಗಿಸೋಣ ಎಂದೆ. ಆಗ ನಮ್ಮ ಬಂಡಿಗಳು ಮೂಡಗುಡ್ಡವನ್ನು ಕೇಳುತ್ತವೆ, ಅದಕ್ಕೆ ಎಲ್ಲ ಬಂಡಿಗಳೂ ಕಾಣುತ್ತವೆ. ಬಾಳಪ್ಪಜ್ಜ ಒಪ್ಪಲಿಲ್ಲ.

"ಪರದಿ ಮ್ಯಾಲೆ ಸತ್ತೈತಿ ಅಂತ ಬಂದೈತಿ. ನಾವೂ ಮಲಗಿದ್ವಿ ಅಂದ್ರ ಬಂಡಿ ಎಲ್ಲಾ ಬಿಸಲಾಗ ನಿಂತಾವು. ಅದರಾಗ ನಿನ್ನ ಮಗಳೂ ಅದಾಳ."

"ಅಜ್ಜ, ಸತ್ತ ಮನಿ ಗ್ವಾಡಿ ಮ್ಯಾಲೆ ಕೌದಿ ಇರಂಗಿಲ್ಲ."

"ಅಕಿ ತಗಿಯೋದು ಮರತಿದ್ರ?"

"ಫಕ್ಕೀರವ್ವ ಸಾರಿಗೆ ಉಪ್ಪು ಮರತಾಳು. ಕೌದಿ ಮರಿಯಾಂಗಿಲ್ಲ."

ಧೈರ್ಯವಾಗಿ ಹಾಗೆಂದೆ, ಆದರೆ ನನಗೆ ಭಯವಿತ್ತು. ಫಕ್ಕೀರವ್ವನೂ ಅತ್ತ ಕಡೆಯಿಂದ ನನ್ನ ಕೌದಿಯನ್ನು ನೋಡುತ್ತಿರುತ್ತಾಳೆ. ಅವಳಿಗೂ ಇದೇ ಯೋಚನೆ ಬಂದು, ಅವಳೂ ತನ್ನ ಮನೆಯನ್ನು ಮಲಗಿಸಿದರೆ? ಆದ್ದರಿಂದ ಮೊದಲು ನನ್ನ ಕೌದಿಯನ್ನು ಒಳಗೆಳೆದುಕೊಂಡೆ. ಮತ್ತೆ ದುರ್ಬೀನಿಗೆ ಕಣ್ಣಿಟ್ಟೆ. ಅವಳ ಕೌದಿ ಅಲುಗಾಡಿತು. ನಾನು ದುರ್ಬೀನು ಕದಲಿಸಲಿಲ್ಲ. ಕೌದಿ ಅಲ್ಲೇ ಉಳಿಯಿತು. ಒಳಗೆ ಬಂದು ಮಲಗುವ ಅಪ್ಪಣೆಯನ್ನು ಟೈಪು ಮಾಡಿದೆ. ಬಾಳಪ್ಪಜ್ಜ ಪರದೆಯನ್ನೂ ನನ್ನ ಮುಖವನ್ನೂ ನೋಡಿದ. ಅವನು ಓದದೆ ನಾನು ಎಂಟರ್ ಒತ್ತುವಂತಿರಲಿಲ್ಲ. ರೇಣವ್ವನನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಗುಡ್ಡ ಸುತ್ತಿಸಿದವನು ಅವನು. ಅವನು ಓದಿದ. ತನಗೆ ಒಪ್ಪಿಗೆಯಿಲ್ಲದ ಅಪ್ಪಣೆಯನ್ನು ಒಂದೊಂದಕ್ಷರವೂ ಬಿಡದೆ ಓದಿದ. ನಾನು ಒತ್ತಿದೆ. ಕಿಂಡಿಯ ಬಿಸಿಗಾಳಿ ನಿಂತಿತು.

ಆಮೇಲೆ ನಮಗೆ ಮಾಡಲು ಏನೂ ಇರಲಿಲ್ಲ. ಪರದೆ ಕಪ್ಪಗಿತ್ತು. ಇಬ್ಬರೂ ಬಾಗಿಲಲ್ಲಿ ಕೂತು ಹಳಿಯತ್ತ ನೋಡಿದೆವು. ಬಿಸಿಲು ಹೊಸ್ತಿಲಿಗೆ ಬಂದ ಹೊತ್ತಿಗೆ ಬಯಲಿನಲ್ಲಿ ಈರುಳ್ಳಿ ಬಂಡಿ ಹಿಂದಕ್ಕೆ ಬರುವುದು ಕಾಣಿಸಿತು. ಅದನ್ನು ದೂಡಿಕೊಂಡೇ ಬಂದಂತೆ, ತುಸು ದೂರದಲ್ಲಿ ಮೂಡಣದ ಬಂಡಿ. ಮೂಡಗುಡ್ಡ ಎರಡನ್ನೂ ಕಂಡು, ಒಂದನ್ನು ಹಿಂದೆ ಕಳಿಸಿ ಇನ್ನೊಂದಕ್ಕೆ ದಾರಿ ಕೊಟ್ಟಿತ್ತು. ನಾನು ಅಲ್ಲೇ ಕೂತು ಜೋರಾಗಿ ಅತ್ತೆ. ಬಂಡಿಯಿಂದ ಇಳಿದ ರೇಣವ್ವನಿಗೆ ಏನೂ ತಿಳಿದಿರಲಿಲ್ಲ. "ಯಾಕವ್ವ, ಇವತ್ತ ಬಂಡಿ ಇಷ್ಟ ತಡಾ ಆತು" ಎಂದು ಗೊಣಗಿದಳು.

ತಂತಿ ಸರಿಯಾದ ಮೇಲೆ ಮೊದಲು ಕೇಳಿಸಿದ್ದು ಫಕ್ಕೀರವ್ವನ ದನಿ. "ನನ್ನ ಕೈನೂ ಕೌದಿ ಮ್ಯಾಲ ಇತ್ತ ಹಾಲವ್ವ. ಜಗ್ಗಾಕ ಹತ್ತಿದ್ದೆ. ನಿಂದು ಕಾಣಲಿಲ್ಲ, ಕೈ ಬಿಟ್ಟೆ."

ಆಮೇಲೆ ನಾವು ಮೂರನೆಯ ಸಾಲನ್ನು ಕೆದಕಿದೆವು. ಯಂತ್ರದ ಹಳೆಯ ಪ್ರತಿಯಲ್ಲಿ ಆ ಸಾಲಿನ ಕೊನೆಗೆ ಒಂದು ಗುರುತು ಹಾಕಿ ನೀವು ಇನ್ನೇನೋ ಬರೆದಿದ್ದಿರಿ. ಆ ಗುರುತಿನ ಮುಂದೆ ಬರೆದದ್ದನ್ನು ಯಂತ್ರ ಓದುವುದಿಲ್ಲ. ಯಂತ್ರ ಓದದ್ದನ್ನು ನಾವೇಕೆ ಟೈಪು ಮಾಡಬೇಕೆಂದು ನಮ್ಮ ಹಿರಿಯರು ಅದನ್ನು ಬಾಯಿಪಾಠದಿಂದ ಕೈಬಿಟ್ಟಿದ್ದರು. ದೂರದ ಊರಿನ ಇಂಗ್ಲಿಷ್ ಬಲ್ಲ ಒಬ್ಬರಿಂದ ಓದಿಸಿದೆವು. ಅಲ್ಲಿ ಇದ್ದದ್ದು ಇಷ್ಟೇ: ಅಭ್ಯಾಸಕ್ಕೆ ಮಾತ್ರ. ಬೇಲಿಯನ್ನು ಆಮೇಲೆ ಹಾಕಿಕೊಳ್ಳುವುದು.

ಬಾಳಪ್ಪಜ್ಜ ಅದನ್ನು ಕೇಳಿ ಎದ್ದು ಮನೆಗೆ ಹೋದ. ಮೂರನೆಯ ದಿನ ತಾನಾಗಿ ಬಂದು, ಬೇಲಿ ಹಾಕುವ ಅಪ್ಪಣೆಯನ್ನು ತಾನೇ ಓದುತ್ತೇನೆಂದ. ಈಗ ಎರಡೂ ಮನೆಗಳಿಗೆ ಬೇಲಿಯಿದೆ. ಎರಡೂ ಒಟ್ಟಿಗೇ ಒಂದನ್ನೊಂದು ಕತ್ತರಿಸಬಾರದೆಂದು ನಮ್ಮ ಮನೆ ಒಂದು ಉಸಿರು ತಡೆದು ಕತ್ತರಿಸುವಂತೆ ಮಾಡಿದ್ದೇವೆ. ತಂತಿಯನ್ನೂ ಎರಡು ದಾರಿಯಲ್ಲಿ ಎಳೆದಿದ್ದೇವೆ. ಕೌದಿಯನ್ನು ಮಾತ್ರ ಬಿಟ್ಟಿಲ್ಲ. ಈಗ ಅದನ್ನು ದಿನಾ ಹರವುವವನು ಅಜ್ಜನೇ.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಕಲಿಯುವವರ ಅನುಕೂಲಕ್ಕೆಂದು ನೀವು ಬೇಲಿ ತೆಗೆಯುವುದು ತಪ್ಪೆಂದು ನಾನು ಹೇಳುವುದಿಲ್ಲ. ನಾನೂ ಹಾಗೆಯೇ ಕಲಿಸುತ್ತೇನೆ. ಆದರೆ ಅಭ್ಯಾಸ ಮುಗಿದ ದಿನ ಎದ್ದು ಹೋಗುವ ಮೊದಲು ಅದನ್ನು ಹಾಕಿಯೇ ಹೋಗಿ. ಆಮೇಲೆ ಎಂದು ಬರೆದಿಟ್ಟು ಹೋಗಬೇಡಿ. ನೀವು ಬರೆದ ಆ ಆಮೇಲೆಯಲ್ಲಿ ಹುಟ್ಟಿದ ರೇಣವ್ವನ ಮಗಳಿಗೆ ಈಗ ಐದು ತಿಂಗಳು. ಗೋಡೆಗೆ ಹೊಸ ಕೌದಿ ಹೊಲಿದು, ಹಳೆಯದನ್ನು ಅವಳಿಗೆ ಕೊಟ್ಟಿದ್ದೇವೆ. ನಾನು ಇದನ್ನು ಬರೆಯುವಾಗ ಅದರ ಮೇಲೆ ಮಲಗಿ ಕಾಲು ಬಡಿಯುತ್ತಿದ್ದಾಳೆ.

ಇಂತಿ ನಿಮ್ಮ ಮುಂದಿನವಳು,
ಹಾಲವ್ವ